ಸಹಾಯ ಬೇಕು: ಸ್ಕಾಟ್ಲೆಂಡಿನ ‘ಕ್ಲಾನ್’ಗೆ ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ. ಸ್ಕಾಟ್ಲೆಂಡಿನ ಕ್ಲಾನ್‌ಗಳ ಇತಿಹಾಸದ ಕನ್ನಡ ಬರಹವೊಂದು ಎರಡು ಪದಗಳ ಹತ್ತಿರ ನಿಂತಿದೆ.

ಅಲ್ಲಿನ ಹಳೆಯ ನುಡಿಯಾದ ಗೇಲಿಕ್‌ನಲ್ಲಿ ‘ಕ್ಲಾನ್’ ಅಂದರೆ ಮಕ್ಕಳು, ಸಂತಾನ. ‘ಗೋತ್ರ’, ‘ಬೆಡಗು’ ಎಂದು ಬರೆದರೆ ಒಳಗೊಳಗೆ ಮದುವೆ ಆಗಬಾರದು ಅಂತ ಓದುಗರು ತಿಳಿಯುತ್ತಾರೆ. ಅಲ್ಲಿ ಅಂಥ ಕಟ್ಟು ಇರಲಿಲ್ಲ. ‘ವಂಶ’ವೂ ಪೂರ್ತಿ ಒಪ್ಪುವುದಿಲ್ಲ. ಮ್ಯಾಕ್‌ಡೊನಾಲ್ಡ್ ಕ್ಲಾನಿನ ನಾಯಕರು 1164ರಲ್ಲಿ ಸತ್ತ ಸೋಮರ್ಲೆಡ್ ಎಂಬ ದೊರೆಯ ಮೊಮ್ಮಗ ಡೊನಾಲ್ಡ್‌ನ ಪೀಳಿಗೆ, ನಿಜ. ಆದರೆ ಅವರ ನೆಲ ಉಳುತ್ತಿದ್ದ, ರಕ್ತಸಂಬಂಧವೇ ಇಲ್ಲದ ಎಷ್ಟೋ ಒಕ್ಕಲುಗಳೂ ರಕ್ಷಣೆಗಾಗಿ ಅದೇ ಹೆಸರು ಇಟ್ಟುಕೊಂಡರು.

ಇನ್ನೂ ಕಷ್ಟದ್ದು ‘ಟ್ಯಾಕ್ಸ್‌ಮನ್’ (tacksman; ತೆರಿಗೆಯ ‘ಟ್ಯಾಕ್ಸ್’ ಅಲ್ಲ). ನಾಯಕನಿಂದ ಭೂಮಿ ಗುತ್ತಿಗೆ ಹಿಡಿದು, ತುಂಡು ಮಾಡಿ ಒಕ್ಕಲುಗಳಿಗೆ ಕೊಟ್ಟು ಗೇಣಿ ಎತ್ತುತ್ತಿದ್ದವನು. ಯುದ್ಧ ಬಂದರೆ ಅದೇ ಒಕ್ಕಲುಗಳ ದಂಡು ಕಟ್ಟಿಕೊಂಡು ಹೊರಡುವವನು. ಬಹುಮಟ್ಟಿಗೆ ನಾಯಕನ ದಾಯಾದಿಯೇ. ‘ಗುತ್ತಿಗೆದಾರ’ ಅಂದರೆ ಕತ್ತಿ ಕಾಣುವುದಿಲ್ಲ, ‘ದಳವಾಯಿ’ ಅಂದರೆ ಗೇಣಿ ಕಾಣುವುದಿಲ್ಲ.

ಪಾಳೆಯಗಾರರ ಕಾಲದ ಕಡತ ಓದಿದವರೇ ಇದಕ್ಕೆ ಸರಿ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನಾದ, ಈಸ್ಟ್ ಇಂಡಿಯಾ ಕಂಪನಿಯ ಸರ್ವೇ ಅಧಿಕಾರಿ ಕಾಲಿನ್ ಮೆಕೆಂಜಿ ಸಂಗ್ರಹಿಸಿದ ಕನ್ನಡ ಕೈಫಿಯತ್ತುಗಳಲ್ಲಿ, ಅಂದರೆ ಊರು-ಮನೆತನಗಳ ವೃತ್ತಾಂತಗಳಲ್ಲಿ, ಇಂಥ ಮಧ್ಯದವನಿಗೆ ಪದ ಸಿಕ್ಕಿದ್ದರೆ, ಆ ಸಾಲಿನ ಸಮೇತ ತಿಳಿಸಿ.

ಕ್ಲಾನ್‌ಗೊಂದು ಚೌಕುಳಿ ಬಟ್ಟೆ, ಅಂದರೆ ಟಾರ್ಟನ್, ಎಂಬ ಪಟ್ಟಿ ಬೇಡ. ಆ ರೂಢಿ ಗಟ್ಟಿಯಾದದ್ದು 1822ರಲ್ಲಿ ಬ್ರಿಟನ್ನಿನ ದೊರೆ ನಾಲ್ಕನೆಯ ಜಾರ್ಜ್ ಎಡಿನ್‌ಬರಾಕ್ಕೆ ಬಂದ ಸುಮಾರಿಗೆ.