ನೆಲದೊಳಗಿನ ಬಂಡೆ ಒಡೆದದ್ದು ಸಮುದ್ರದ ಗದ್ದಲ ಕೇಳಿ ಹೇಗೆ ಗೊತ್ತಾಗುತ್ತದೆ?

ಫ್ರೀಮಾಂಟ್‌ವಾಸಿ:
ಕಳೆದ ತಿಂಗಳು ಮನೆಯವರೆಲ್ಲ ಪಾರ್ಕ್‌ಫೀಲ್ಡ್‌ಗೆ ಹೋಗಿದ್ದೆವು. ಕ್ಯಾಲಿಫೋರ್ನಿಯಾದ ಪುಟ್ಟ ಊರು. ಸ್ಯಾನ್ ಆಂಡ್ರಿಯಾಸ್ ಫಾಲ್ಟ್, ಅಂದರೆ ಭೂಮಿಯ ಹೊರಪದರದ ಎರಡು ದೊಡ್ಡ ಪ್ಲೇಟ್‌ಗಳ ನಡುವಿನ ಬಿರುಕು, ಊರ ಪಕ್ಕದ ಹಳ್ಳದಲ್ಲೇ ಹಾದುಹೋಗುತ್ತದೆ. ಸೇತುವೆಯ ಈ ತುದಿ ಒಂದು ಪ್ಲೇಟ್, ಆ ತುದಿ ಇನ್ನೊಂದು ಅಂತ ಬೋರ್ಡ್ ಹಾಕಿದ್ದಾರೆ. ಮಗಳು ಹತ್ತು ಸಲ ಆಚೆ ಈಚೆ ಓಡಿದಳು. ಭೂಕಂಪ ಇಲ್ಲದಾಗಲೂ, ಸಮುದ್ರದ ಅಲೆಗಳ ಗದ್ದಲ ಹಿಡಿದು ಫಾಲ್ಟ್ ಒಳಗಿನ ಬಂಡೆ ಹೇಗಿದೆ ಅಂತ ನೋಡುತ್ತಾರಂತೆ. ನಾನು ಸಾಫ್ಟ್‌ವೇರ್‌ನವನು. ಗದ್ದಲ ಅಂದರೆ ನಮ್ಮಲ್ಲಿ ಸೋಸಿ ಬಿಸಾಡುವುದು. ಅದರಲ್ಲಿ ಇವರಿಗೆ ಏನು ಸಿಗುತ್ತದೆ?

ಕಲ್ಲುಭಟ್ಟ:
ನಮ್ಮವರೂ ಬಹಳ ವರ್ಷ ಬಿಸಾಡುತ್ತಲೇ ಇದ್ದರು ಸರ್. ಭೂವಿಜ್ಞಾನ ಓದುವಾಗ, ನೆಲದ ನಡುಕ ದಾಖಲಿಸುವ ಯಂತ್ರ ಹೂಳಲು ಎರಡು ವಾರ ಗುಂಡಿ ತೋಡಿದ್ದೇನೆ, ಗೊತ್ತಿದ್ದಷ್ಟು ಹೇಳುತ್ತೇನೆ.

ನೆಲ ಯಾವಾಗಲೂ ನಡುಗುತ್ತಿರುತ್ತದೆ. ಸಮುದ್ರದಿಂದ ಬರುವುದು ನಿಧಾನದ ಓಲಾಟ, ಸುಮಾರು 5ರಿಂದ 20 ಸೆಕೆಂಡಿಗೊಂದು. ಲಾರಿ, ರೈಲಿನದು ಸೆಕೆಂಡಿಗೆ ಹಲವು ಸಲ. ಆ ಯಂತ್ರ ಇಟ್ಟ ಜಾಗಕ್ಕೆ ಸ್ಟೇಷನ್ ಅನ್ನುತ್ತೇವೆ. ನೆಲದಲ್ಲಿ ಸಾಗುವ ಒಂದೇ ನಡುಕದ ಅಲೆ ಮೊದಲು ಈ ಸ್ಟೇಷನ್ ದಾಟಿ ಆಮೇಲೆ ಆ ಸ್ಟೇಷನ್ ಮುಟ್ಟುತ್ತದೆ, ಅಲ್ವಾ? ಎರಡೂ ರೆಕಾರ್ಡಿಂಗ್ ಒಂದರ ಮೇಲೊಂದಿಟ್ಟು, ಒಂದನ್ನು ಚೂರು ಚೂರೇ ಸರಿಸುತ್ತಾ ಎಲ್ಲಿ ಹೊಂದುತ್ತದೆ ನೋಡಿ. ಕ್ರಾಸ್ ಕೋರಿಲೇಷನ್, ನಿಮಗೆ ಗೊತ್ತಿರುವುದೇ. ಒಂದು ಗಂಟೆಯದರಲ್ಲಿ ಏನೂ ಕಾಣಲ್ಲ. ತಿಂಗಳಿಡೀ ಕೂಡಿಸಿದರೆ, ಅಲ್ಲಿ ಸುತ್ತಿಗೆಯಲ್ಲಿ ಹೊಡೆದು ಇಲ್ಲಿ ಕೇಳಿಸಿಕೊಂಡ ಹಾಗೆ ಒಂದು ಅಲೆ ಎದ್ದು ಬರುತ್ತದೆ. ಬಂಡೆ ಗಟ್ಟಿ ಇದ್ದರೆ ಬೇಗ ಬರುತ್ತದೆ. ಬಿರುಕು ಜಾಸ್ತಿ ಇದ್ದರೆ ತಡ.

ನೀವು ನೋಡಿದ ಪಾರ್ಕ್‌ಫೀಲ್ಡ್‌ನಲ್ಲೇ ಕೊಳವೆಬಾವಿಯ ಹಾಗೆ ಕೊರೆದ ತೂತುಗಳಲ್ಲಿ 13 ಸ್ಟೇಷನ್ ಇದ್ದವು. 2004ರ ಸೆಪ್ಟೆಂಬರ್ 28ರಂದು ಅಲ್ಲಿ 6.0 ತೀವ್ರತೆಯ ಭೂಕಂಪ ಆಯಿತು. ಅಲೆಯ ವೇಗ ಶೇಕಡಾ 0.08ರಷ್ಟು ಇಳಿಯಿತು. 2008ರಲ್ಲಿ ಇದು ಪ್ರಕಟವಾಯಿತು.

ಫ್ರೀಮಾಂಟ್‌ವಾಸಿ:
0.08? ಅಷ್ಟು ತಪ್ಪು ಅಳತೆಯಲ್ಲೇ ಬರುತ್ತದಲ್ಲ!

ಕಲ್ಲುಭಟ್ಟ:
ನೇರವಾಗಿ ಬಂದ ಅಲೆ ಅಳೆದರೆ ಬರುತ್ತದೆ. ಅದಕ್ಕೇ ಅದರ ಬಾಲ ಹಿಡಿಯುತ್ತಾರೆ. ಬಿರುಕಿಗೆ ಬಡಿದು, ತಿರುಗಿ, ಅಲೆದಾಡಿ ತಡವಾಗಿ ಬರುವ ಭಾಗ ಅದು. 50 ಸೆಕೆಂಡ್ ಅಲೆದ ಅಲೆ 0.04 ಸೆಕೆಂಡ್ ತಡ ಮಾಡಿದರೆ ಅದೇ ಶೇಕಡಾ 0.08. ಇದನ್ನು ಅಳೆಯಬಹುದು.

ಉಷಾ ಮೇಡಂ:
ಮಳೆ ಬಂದು ಅಂತರ್ಜಲ ಏರಿದರೂ ವೇಗ ಬದಲಾಗುತ್ತದೆ. ಚಳಿಗಾಲದ ಬಿರುಗಾಳಿಗೆ ಗದ್ದಲದ ದಿಕ್ಕೂ ಬದಲಾಗುತ್ತದೆ. ಬಂಡೆಯೇ ಒಡೆಯಿತು ಅಂತ ಹೇಗೆ ಹೇಳುತ್ತೀರಿ?

ಕಲ್ಲುಭಟ್ಟ:
ಸರಿಯಾದ ಜಾಗಕ್ಕೆ ಕೈ ಇಟ್ಟಿರಿ ಮೇಡಂ. ಈ ಕೆಲಸದ ಅರ್ಧ ತಲೆನೋವು ಅದೇ. ಪಾರ್ಕ್‌ಫೀಲ್ಡ್‌ನಲ್ಲಿ ವೇಗ ಭೂಕಂಪದ ಹೊತ್ತಿಗೇ ಬಿತ್ತು. ಆಮೇಲೆ ವರ್ಷಗಟ್ಟಲೆ ಮೆಲ್ಲಗೆ ಏರಿತು. ಅದೇ ಹೊತ್ತಿಗೆ ಜಿಪಿಎಸ್‌ನಲ್ಲಿ ನೆಲ ಸರಿಯುವುದೂ ಅದೇ ರೀತಿ ನಿಧಾನವಾಯಿತು. ಮಳೆ ಹಾಗೆ ಮಾಡಲ್ಲ. ಆದರೂ ಮೇಲ್ಪದರದ ಸಡಿಲ ಮಣ್ಣಿನದೆಷ್ಟು, ಆಳದ ಬಂಡೆಯದೆಷ್ಟು ಅನ್ನುವ ಜಗಳ ಇದ್ದೇ ಇದೆ.

ಫ್ರೀಮಾಂಟ್‌ವಾಸಿ:
ಮಗಳು ಹಿತ್ತಲಲ್ಲಿ ಇಂಥ ಯಂತ್ರ ಒಂದು ಹೂಳೋಣ ಅಂತಿದ್ದಾಳೆ.

ಕಲ್ಲುಭಟ್ಟ:
ಒಂದು ಸಾಲದು, ಎರಡು ಬೇಕು ಅಂತ ಹೇಳಿ. ಮಟ್ಟ ನೋಡಿ, ಬಾಣದ ಗುರುತು ಉತ್ತರಕ್ಕೆ ತಿರುಗಿಸಿ, ಮಣ್ಣು ಗಟ್ಟಿಯಾಗಿ ತುಳಿಯಬೇಕು. ಮರದ ಬುಡ ಮಾತ್ರ ಬೇಡ. ಬಿಸಿಲಿಗೆ ಸೋತು ನಾನೊಂದನ್ನು ನೆರಳಲ್ಲಿ ಹೂತಿದ್ದೆ. ಗಾಳಿ ಬೀಸಿದಾಗಲೆಲ್ಲ ಬೇರು ಅಲುಗಿ, ಅದರ ಮೂರು ವಾರದ ರೆಕಾರ್ಡಿಂಗ್‌ನಲ್ಲಿ ಮರ ಬಿಟ್ಟು ಬೇರೇನೂ ಇರಲಿಲ್ಲ.