ಕೊಶ್ಚುಶ್ಕೊಗೆ ಪ್ರತಿಮೆ ಸಾಕೇ? ಅವರ ಉಯಿಲಿನ ಗತಿ ಏನು?

ಶ್ರೀಧರ: ತದೇವುಷ್ ಕೊಶ್ಚುಶ್ಕೊ 1776ರಲ್ಲಿ ಯುರೋಪಿನಿಂದ ಅಮೆರಿಕಕ್ಕೆ ಬಂದು, ಬ್ರಿಟಿಷರ ವಿರುದ್ಧದ ಕ್ರಾಂತಿಗೆ ಕೋಟೆ ಕಟ್ಟಿಕೊಟ್ಟ ಪೋಲಿಷ್ ಎಂಜಿನಿಯರ್. ವಾಷಿಂಗ್ಟನ್‌ನ ಲಾಫಾಯೆಟ್ ಚೌಕದಲ್ಲಿ 1910ರಿಂದ ಅವರ ಪ್ರತಿಮೆ ಇದೆ. ಫಿಲಡೆಲ್ಫಿಯಾದಲ್ಲಿ ಅವರು ಇಳಿದುಕೊಂಡಿದ್ದ ಮನೆ ರಾಷ್ಟ್ರೀಯ ಸ್ಮಾರಕ. ಹೊರಗಿನಿಂದ ಬಂದವರಿಗೆ ಇದಕ್ಕಿಂತ ಜಾಸ್ತಿ ಗೌರವ ಏನು ಬೇಕು?

ಮಂಜುಳಾ: ಪ್ರತಿಮೆ ಇದೆ, ಸರಿ. ಅವರು ಮಾಡಿದ ಕೆಲಸ ಎಷ್ಟು ಜನಕ್ಕೆ ಗೊತ್ತು ಸರ್? ಟಿಕಾಂಡೆರೋಗಾ ಕೋಟೆಯ ಎದುರಿನ ಗುಡ್ಡದ ಮೇಲೆ ಫಿರಂಗಿ ಇಡಿ ಅಂತ ಹೇಳಿದರು. ಮೇಲಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. 1777ರ ಜುಲೈನಲ್ಲಿ ಬ್ರಿಟಿಷರೇ ಅಲ್ಲಿಗೆ ಫಿರಂಗಿ ಹತ್ತಿಸಿದರು, ಕೋಟೆ ಬಿಟ್ಟು ಓಡಬೇಕಾಯಿತು. ಆಗ ಬೆನ್ನಟ್ಟಿ ಬರುತ್ತಿದ್ದ ಬ್ರಿಟಿಷ್ ಸೇನಾಪತಿ ಬರ್ಗಾಯ್ನ್ ಸೈನ್ಯದ ದಾರಿಗೆ ಮರ ಉರುಳಿಸಿದ್ದು, ಸೇತುವೆ ಮುರಿಸಿದ್ದು ಇದೇ ಕೊಶ್ಚುಶ್ಕೊ. ಆಮೇಲೆ ಬೆಮಿಸ್ ಹೈಟ್ಸ್ ದಿಣ್ಣೆಯಲ್ಲಿ ಮೋರ್ಚಾ ಕಟ್ಟಿಸಿದರು. ಕೆಳಗೆ ಹಡ್ಸನ್ ನದಿ, ದಂಡೆಯಲ್ಲಿ ಇಕ್ಕಟ್ಟಾದ ದಾರಿ, ಇತ್ತ ಕಾಡು. ಅಲ್ಲಿಂದ ಮುಂದೆ ನುಗ್ಗಲಾಗದ ಬರ್ಗಾಯ್ನ್ ಅಕ್ಟೋಬರ್ 17ರಂದು ಸರಟೋಗಾದಲ್ಲಿ ಶರಣಾದ. ಫ್ರಾನ್ಸ್ ಬಹಿರಂಗವಾಗಿ ಜೊತೆಗೆ ನಿಂತಿದ್ದು ಅದಾದ ಮೇಲೆಯೇ.

ಕಿರಣ್: ಹಡ್ಸನ್ ದಂಡೆಯ ವೆಸ್ಟ್ ಪಾಯಿಂಟ್ ನೆಲೆಯನ್ನು ಬಿಟ್ಟಿರಲ್ಲ ಮೇಡಂ! 1778ರಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಇದ್ದರು. ಒಂದೇ ದೊಡ್ಡ ಕೋಟೆಯನ್ನು ನಂಬಿ ಕೂರದೆ, ಒಂದಕ್ಕೊಂದು ಕಾವಲಾಗುವ ಹಾಗೆ ಹಲವು ಕೋಟೆ ಕಟ್ಟಿಸಿದರು. ಬ್ರಿಟಿಷರು ಅದರ ಮೇಲೆ ದಾಳಿ ಮಾಡಲೇ ಇಲ್ಲ. ಅಲ್ಲಿನ ಅಮೆರಿಕನ್ ಸೇನಾಧಿಕಾರಿ ಬೆನೆಡಿಕ್ಟ್ ಆರ್ನಾಲ್ಡ್‌ಗೆ ದುಡ್ಡಿನ ಆಸೆ ತೋರಿಸಿ ಒಳಸಂಚಿನಿಂದ ಪಡೆಯಲು ನೋಡಿದರು. 1828ರಲ್ಲಿ ಅಲ್ಲಿನ ಸೇನಾ ಶಾಲೆಯ ಕೆಡೆಟ್‌ಗಳೇ ಇವರಿಗೆ ಸ್ಮಾರಕ ನಿಲ್ಲಿಸಿದರು. ನನಗೆ ಅದೇ ದೊಡ್ಡ ಗೌರವ.

ನಾಗವೇಣಿ: ಕಲ್ಲು ನಿಲ್ಲಿಸುವುದು ಸುಲಭ. ಅವರು ಕೇಳಿದ್ದು ಅದನ್ನಲ್ಲ. 1798ರಲ್ಲಿ ಅಮೆರಿಕ ಬಿಡುವ ಮುನ್ನ ಉಯಿಲು ಬರೆದು ಗೆಳೆಯ, ಮುಂದೆ ಅಮೆರಿಕದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ ಕೈಗೆ ಕೊಟ್ಟರು. ಅಮೆರಿಕದಲ್ಲಿರುವ ನನ್ನ ದುಡ್ಡಿನಲ್ಲಿ ಗುಲಾಮರನ್ನು ಕೊಂಡು ಬಿಡುಗಡೆ ಮಾಡಿ, ವಿದ್ಯೆ ಕಸುಬು ಕಲಿಸಿ, ನಿಮ್ಮ ಗುಲಾಮರನ್ನೂ ಸೇರಿಸಿ ಅಂತ. 1817ರಲ್ಲಿ ಅವರು ತೀರಿಕೊಂಡರು. ಜೆಫರ್ಸನ್ ಜವಾಬ್ದಾರಿ ಒಪ್ಪಿಕೊಳ್ಳಲಿಲ್ಲ. ಒಬ್ಬರಿಗೂ ಆ ದುಡ್ಡಿನಿಂದ ಬಿಡುಗಡೆ ಸಿಗಲಿಲ್ಲ.

ಶ್ರೀಧರ: ಜೆಫರ್ಸನ್‌ಗೆ ಆಗಲೇ ಎಪ್ಪತ್ತು ದಾಟಿತ್ತು. ಕೊಶ್ಚುಶ್ಕೊ ಆಮೇಲೆ ಬೇರೆ ಉಯಿಲುಗಳನ್ನೂ ಬರೆದಿದ್ದರು. ನೆಂಟರು ಕೋರ್ಟಿಗೆ ಹೋದರು. 1852ರಲ್ಲಿ ಸುಪ್ರೀಂ ಕೋರ್ಟ್ ಆಸ್ತಿಯನ್ನು ಅವರಿಗೇ ಕೊಟ್ಟಿತು. ಒಬ್ಬರ ಮೇಲೇ ತಪ್ಪು ಹೊರಿಸುವುದು ಸರಿಯಲ್ಲ ಅಲ್ವಾ?

ನಾಗವೇಣಿ: ಕಾನೂನು ತೊಡಕಿತ್ತು, ಒಪ್ಪುತ್ತೇನೆ. ಆದರೆ ಜೆಫರ್ಸನ್ ಸತ್ತ ಮೇಲೆ, 1827ರ ಜನವರಿಯಲ್ಲಿ, ಅವರ ಸಾಲ ತೀರಿಸಲು ಅವರದೇ ಎಸ್ಟೇಟ್ ಮಾಂಟಿಚೆಲ್ಲೋದಲ್ಲಿ 130 ಗುಲಾಮರನ್ನು ಹರಾಜಿಗಿಟ್ಟರು. ಆ ಉಯಿಲು ನಡೆದಿದ್ದರೆ ಇವರಲ್ಲಿ ಕೆಲವರಾದರೂ ಸ್ವತಂತ್ರರಾಗಿರುತ್ತಿದ್ದರು. ತೊಡಕು ಅಂತ ಸುಮ್ನೆ ದಾಟಿ ಹೋಗುವ ಮಾತಲ್ಲ ಇದು.

ಮಂಜುಳಾ: ಲಾಫಾಯೆಟ್ ಚೌಕದ ಪೀಠದಲ್ಲಿ ಸರಟೋಗಾ ಹೆಸರು ಕೆತ್ತಿದ್ದಾರೆ. ಅಲ್ಲೇ ಆ ಉಯಿಲಿನ ಮಾತನ್ನೂ ಕೆತ್ತಬೇಕು ಅಂತ ನಾನು ಕೇಳುತ್ತೇನೆ.

ಶ್ರೀಧರ: ಅದಕ್ಕೆ ನನ್ನದೂ ಒಪ್ಪಿಗೆ ಇದೆ. ಕೆತ್ತುವುದಾದರೆ ದುಡ್ಡು ಯಾರಿಗೂ ತಲುಪಲಿಲ್ಲ ಅನ್ನುವುದನ್ನೂ ಸೇರಿಸಲಿ.