ಪುಯೆಬ್ಲೊ ಕರಿ ಮಡಕಿ: ನಮ್ಮ ಮಣ್ಣಿನ್ಯಾಗ ಆ ಹೊಳಪು ಬರ್ತದೇನು?

ತಿಗರಿ_ಧಾರವಾಡ:
ಅಮೆರಿಕದ ನ್ಯೂ ಮೆಕ್ಸಿಕೋದ ಮೂಲನಿವಾಸಿ ಪುಯೆಬ್ಲೊ ಮಂದಿ ಮಾಡೋ ಕರಿ ಮಡಕಿಗೆ ಗ್ಲೇಜ್ (ಗಾಜಿನಂಥ ಲೇಪ) ಇರಂಗಿಲ್ಲ, ಆದ್ರೂ ಮಾರಿ ಕಾಣೋ ಹಂಗ ಹೊಳೀತಾವು. ನವಲಗುಂದ ಕಡೆ ಎರಿಮಣ್ಣಿನಾಗ ಮಾಡಿದ್ರ ಒಣಗುವಾಗನ ಸೀಳತಾವು. ಉಳಿದವು ಕರೆಂಟ್ ಭಟ್ಟಿಯೊಳಗ 900 ಡಿಗ್ರಿಗೆ ಸುಟ್ಟ ಮ್ಯಾಲ ಮಬ್ಬಾಗ್ತಾವು. ತಪ್ಪು ಮಣ್ಣಿಂದೋ, ಬೆಂಕಿದೋ?

ಕೆಮ್ಮಣ್ಣು_ಗದಗ:
ಎರಡೂ ರೀ. ಎರಿಮಣ್ಣು ನೀರು ಕುಡಿದು ಉಬ್ಬತದ, ಒಣಗಿದಾಗ ಅಷ್ಟೇ ಕುಗ್ಗತದ. ಅದ್ರಾಗಿನ ಸುಣ್ಣದ ಹರಳು ಇನ್ನೂ ಕೆಟ್ಟ: ಬೆಂಕಿಯೊಳಗ ಸುಟ್ಟ ಸುಣ್ಣ ಆಗಿ, ಆಮ್ಯಾಲ ಗಾಳಿ ತೇವ ಹೀರಿ ಉಬ್ಬಿ, ಮೈಯಿಂದ ಚಕ್ಕಿ ಹಾರಿಸ್ತದ. ಒಣ ಹೆಂಟಿ ಮ್ಯಾಲ ಲಿಂಬಿ ರಸ ಹಿಂಡ್ರಿ, ನೊರಿ ಬಂದ್ರ ಆ ಮಣ್ಣು ಬಿಡ್ರಿ. ಕೆರಿ ಮಣ್ಣು ಚಲೋ.

ಮಣ್ಣು ಸೀಳಬಾರದಂತ ಪುಯೆಬ್ಲೊ ಮಂದಿಯ ಊರು ಸ್ಯಾನ್ ಇಲ್ಡೆಫೊನ್ಸೊದಾಗ ಮಣ್ಣಿಗೆ ಜ್ವಾಲಾಮುಖಿ ಬೂದಿ ಕಲಸ್ತಾರ, ಅವರದ ಇನ್ನೊಂದು ಊರು ಆಕೊಮಾದಾಗ ಹಳೇ ಮಡಕಿ ಬೋಕಿ ಕುಟ್ಟಿ ಹಾಕ್ತಾರ. ನಮಗ ಬೋಕಿನೇ ಸರಿ. ಮೂರು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ಪುಡಿ, ಸಣ್ಣ ಜರಡಿಯೊಳಗ ಸೋಸಿದ್ದು. ದಪ್ಪ ಕಾಳು ಉಳಿದ್ರ ತಿಕ್ಕುವಾಗ ಗೀರು ಬೀಳ್ತಾವು. ಪುಯೆಬ್ಲೊ ಮಂದಿ ತಿಗರಿ ಹಚ್ಚಂಗಿಲ್ಲ. 'ಪುಕಿ' ಅನ್ನೋ ತಟ್ಟಿಯೊಳಗ ತಳ ಒತ್ತಿ, ಮಣ್ಣಿನ ಸುರುಳಿ ಸುತ್ತಿ ಏರಿಸಿ, ಸೋರೆಬುರುಡಿ ಚೂರಿನಿಂದ ಕೆರೀತಾರ.

ಪೂರ್ತಿ ಒಣಗಿದ ಮ್ಯಾಲ ಉಸುಕಿನ ಕಾಗದದಿಂದ ಮೈ ಸಮ ಮಾಡ್ರಿ. ಕೆಮ್ಮಣ್ಣು ನೀರಾಗ ಕದಡಿ, ಹರಳು ತಳಕ್ಕ ಕುಂತ ಮ್ಯಾಲ ಮ್ಯಾಲಿನ ರಾಡಿ ಅಷ್ಟೇ ಬಸಕೋರಿ, ಹಾಲಿನ ಕೆನಿಯಷ್ಟು ಮಂದ ಇರಲಿ. ಅರಿವಿಯಿಂದ ನಾಕೈದು ಸಲ ಹಚ್ಚಿ, ಹಸಿ ಇರೋವಾಗಲೇ ನುಣ್ಣನ ಹೊಳಿಕಲ್ಲಿನಿಂದ ತಿಕ್ಕರಿ. ನಡುವ ನಿಲ್ಲಿಸಬ್ಯಾಡ್ರಿ. ಲೇಪ ಒಣಗಿದ್ರ ಅಲ್ಲೇ ಕೆಡ್ತದ, ಎಲ್ಲಾ ಕೆರೆದು ಮೊದಲಿಂದ ಹಚ್ಚಬೇಕು. (ಕಪ್ಪತಗುಡ್ಡದ ಕೆಮ್ಮಣ್ಣಿನ ಆಸೆ ಬ್ಯಾಡ, ಅದು ವನ್ಯಜೀವಿಧಾಮ. ಕಲಘಟಗಿ ಕಡೆ ಕೆಂಪು ಮಣ್ಣು ಸಿಗ್ತದ.)

ಆವಿಗಿ_ಹುಬ್ಬಳ್ಳಿ:
ಬೆಂಕಿ ಮಾತು ನಾ ಹೇಳ್ತೀನಿ. ತಿಕ್ಕಿದಾಗ ಮಣ್ಣಿನ ಸಣ್ಣ ಪದರು ಚಪ್ಪಟ ಮಲಗ್ತಾವು, ಅದ ಹೊಳಪು. 900 ಡಿಗ್ರಿಗೆ ಮಣ್ಣು ಬಿಗಿಯಾಕ ಶುರುವಾಗಿ ಆ ಪದರು ಕೆಡ್ತಾವು. 700ರ ಆಸುಪಾಸಿನಾಗ ನಿಲ್ಲಿಸ್ರಿ.

ಮಡಕಿ ಮೊದಲು ನಿಧಾನ ಬಿಸಿ ಆಗಬೇಕು, ತೇವ ಉಳಿದ್ರ ಒಡೀತದ. ಒಣ ನೆಲದ ಮ್ಯಾಲ ಕಬ್ಬಿಣದ ಜಾಲರಿ, ಅದರ ಮ್ಯಾಲ ಮಡಕಿ ಬಾಯಿ ಕೆಳಗ ಮಾಡಿ ಡಬ್ಬ ಹಾಕಿ, ಸುತ್ತ ತಗಡು, ಅದರ ಹೊರಗ ಕುಳ್ಳು. ಕುಳ್ಳು ನೇರ ತಾಗಿದ್ರ ಕಲೆ ಬೀಳ್ತದ. ಮೈ ಮಂದ ಕೆಂಪಾದ ಕೂಡ್ಲೇ ಒಣ ಕುದುರಿ ಲದ್ದಿ ಪುಡಿ ಸುರೀರಿ, ಮ್ಯಾಲ ಬೂದಿ. ಹೊಗಿ ಹೊರಡೋ ಸಂದಿ ಕಂಡಲ್ಲೆಲ್ಲ ಮತ್ತ ಬೂದಿ. ಗಾಳಿ ಸಿಗದ ಕೆಮ್ಮಣ್ಣಿನ ಕಬ್ಬಿಣ ಕರ್ರಗಾಗ್ತದ, ಹೊಗಿಯ ಇಂಗಾಲ ಮೈಯಾಗ ಇಳೀತದ. ಬಿಸಿ ಇದ್ದಾಗ ತೆಗೆದ್ರ ಆ ಇಂಗಾಲ ಸುಟ್ಟು ಕಂದು ಪಟ್ಟಿ ಏಳ್ತಾವು. ಲದ್ದಿ ಹಾಕದ ಬಿಟ್ರ ಅದೇ ಮಡಕಿ ಕೆಂಪಗ ಬರ್ತದ.

ಬೋಕಿ_ಹಾವೇರಿ:
ಹೊಳಪಿನ ಮ್ಯಾಲ ಮಬ್ಬು ಚಿತ್ತಾರ ಬೇಕಾದ್ರ, ತಿಕ್ಕಿದ ಮ್ಯಾಲ ಮಣ್ಣಿನ ರಾಡಿಯಿಂದ ಬರೀರಿ, ಅದನ್ನ ಮತ್ತ ತಿಕ್ಕಬ್ಯಾಡ್ರಿ. ಸ್ಯಾನ್ ಇಲ್ಡೆಫೊನ್ಸೊದ ಮರಿಯಾ ಮತ್ತು ಜೂಲಿಯನ್ ಮಾರ್ಟಿನೆಜ್ ದಂಪತಿ 1919ರ ಹೊತ್ತಿಗೆ ರೂಢಿಗೆ ತಂದ ಪದ್ಧತಿ ಇದು. ನಮ್ಮ ಜಿಲ್ಲೆಯ ಹಳ್ಳೂರಿನ ಉತ್ಖನನದಾಗ ಸಿಕ್ಕ ಕಪ್ಪು-ಕೆಂಪು ಮಡಕಿನೂ ನೋಡ್ರಿ. ಕಬ್ಬಿಣಯುಗದ್ದು, ಗ್ಲೇಜ್ ಇಲ್ಲದ ಹೊಳಪು ನಮಗೂ ಹೊಸದಲ್ಲ.

ಇನ್ನೊಂದು, ಹಿಂಗ ಮಾಡಿದ ಕರಿ ಮಡಕಿಯಾಗ ನೀರು ತುಂಬಿಡಬ್ಯಾಡ್ರಿ. ಇಷ್ಟು ಕಡಿಮಿ ಶಾಖಕ್ಕ ಸುಟ್ಟದ್ದು ನೀರು ಹೀರತದ, ಹೊಳಪಿನ ಪದರು ಎದ್ದು ಬರ್ತದ.